ಹಳೆಯ ಕ್ಯಾಮೆರಾಕ್ಕೆ ಹೊಸ ಸುರುಳಿ

ಕೊಡಗಿನ ಐನ್‌ಮನೆಯ ನಡುಬಾಡೆಯನ್ನು ಹೊಕ್ಕವರ ದೃಷ್ಟಿಯು, ಹಿರಿಯರ ದೀಪಕ್ಕೆ ಕೈಮುಗಿದ ಬಳಿಕ, ಸಹಜವಾಗಿಯೇ ಗೋಡೆಯ ಮೇಲಿನ ಭಾವಚಿತ್ರಗಳ ಕಡೆಗೆ ಹರಿಯುವುದು. ಕುಪ್ಯಚೇಲೆ ತೊಟ್ಟು ಪೀಚೆಕತ್ತಿಯನ್ನು ಸಿಕ್ಕಿಸಿಕೊಂಡ ಯಜಮಾನರು, ಸೇನೆಯ ಸಮವಸ್ತ್ರದ ತರುಣರು, ನೆರಿಗೆಯನ್ನು ಬೆನ್ನಿನ ಕಡೆಗೆ ಹಿಡಿದು ಸೀರೆಯುಟ್ಟ ಗೃಹಿಣಿಯರು, ಗತಿಸಿದ ಹಿರಿಯರಾದ ಕಾರೋಣರಿಗೆ ಎಡೆಯಿಟ್ಟ ದಿನ ಅಂಗಳದಲ್ಲಿ ಸಾಲಾಗಿ ಕುಳಿತ ಒಕ್ಕದ ಸಮಸ್ತರು, ಹೀಗೆ ಒಂದು ವಂಶದ ಚರಿತ್ರೆಯೇ ಕಪ್ಪುಬಿಳುಪಿನಲ್ಲಿ ಅಲ್ಲಿ ತೂಗಿರುವುದು. ಆ ಚಿತ್ರಗಳಿಗೆ ಕಟ್ಟುಹಾಕಿಸಿ ಕಾಪಾಡಿದ ಮನೆಗಳೇ, ಅಂಥ ಚಿತ್ರಗಳನ್ನು ತೆಗೆಯುತ್ತಿದ್ದ ಕ್ಯಾಮೆರಾಗಳನ್ನು ಅಟ್ಟದ ಪೆಟ್ಟಿಗೆಗೋ ಬೀರುವಿನ ತಳಕ್ಕೋ ಸೇರಿಸಿ ಮರೆತಿರುವುದುಂಟು. ಕಾರಣ ಕೇಳಿದರೆ ದೊರೆವ ಉತ್ತರವು ಎಲ್ಲ ಕಡೆಯೂ ಒಂದೇ: ಅದಕ್ಕೆ ಹಾಕುವ ರೀಲು ಈಗ ಸಿಗುವುದಿಲ್ಲ. ಈ ಉತ್ತರವು ಅರ್ಧ ಮಾತ್ರ ಸತ್ಯವೆಂಬುದನ್ನೂ, ಉಳಿದರ್ಧವನ್ನು ಕೈಚಳಕದಿಂದಲೂ ತಾಳ್ಮೆಯಿಂದಲೂ ಪೂರೈಸುವ ಒಂದು ವಿದ್ಯೆಯುಂಟೆಂಬುದನ್ನೂ ಓದುಗರಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಈ ಕ್ಯಾಮೆರಾಗಳು ಮೂಲೆಗುಂಪಾದದ್ದು ತಮ್ಮಲ್ಲಿನ ದೋಷದಿಂದಲ್ಲ. ಕೊಡಕ್ ಕಂಪೆನಿಯು ಹತ್ತೊಂಬತ್ತನೆಯ ಶತಮಾನದ ಅಂತ್ಯದಿಂದ ಮೊದಲ್ಗೊಂಡು ತನ್ನ ಒಂದೊಂದು ಬಗೆಯ ಕ್ಯಾಮೆರಾಕ್ಕೆ ಒಂದೊಂದು ಅಳತೆಯ ಸುರುಳಿಯನ್ನು ಹೊರಡಿಸಿ, ಅವಕ್ಕೆ ಸಂಖ್ಯೆಗಳನ್ನಿತ್ತಿತು. 1899ರಲ್ಲಿ 116, 1901ರಲ್ಲಿ 120, 1903ರಲ್ಲಿ ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಚಿತ್ರ ಕೊಡುವ 122, 1912ರಲ್ಲಿ ಜೇಬಿನ ಕ್ಯಾಮೆರಾಕ್ಕೆಂದು 127, ಮೂವತ್ತರ ದಶಕದ ಆರಂಭದಲ್ಲಿ 616 ಮತ್ತು 620 ಕ್ರಮವಾಗಿ ಬಂದವು. ಬಂದಂತೆಯೇ ಅವುಗಳಲ್ಲಿ ಬಹುಪಾಲು ಹೋದವು: 122 ನಿಂತದ್ದು 1971ರಲ್ಲಿ, 116 ಮತ್ತು 616 ನಿಂತದ್ದು 1984ರಲ್ಲಿ, 620 ನಿಂತದ್ದು 1995ರಲ್ಲಿ. ಇಂದಿಗೂ ಎಡೆಬಿಡದೆ ತಯಾರಾಗುತ್ತಿರುವುದು 120 ಒಂದೇ. ಬರೋಡದಲ್ಲಿ ತಯಾರಾಗಿ ನಮ್ಮ ನಾಡಿನ ಮಧ್ಯಮವರ್ಗದ ಮನೆಮನೆಯನ್ನೂ ಸೇರಿದ ಆಗ್ಫಾ ಕ್ಲಿಕ್ ಕ್ಯಾಮೆರಾವು ಈ 120ರ ಸುರುಳಿಯನ್ನೇ ಬಳಸುವುದರಿಂದ, ಅದನ್ನುಳ್ಳವರು ಇವತ್ತೇ ಅಂಗಡಿಯಿಂದ ಫಿಲ್ಮ್ ತರಿಸಿ ಹನ್ನೆರಡು ಚಿತ್ರ ತೆಗೆಯಬಹುದು. ಕಷ್ಟವಿರುವುದು ಉಳಿದವರಿಗೆ.

ನಮ್ಮ ನೆರೆಯ ನೀಲಗಿರಿಯಲ್ಲಿಯೇ ಒಂದು ಕಾಲಕ್ಕೆ ಫಿಲ್ಮ್ ತಯಾರಾಗುತ್ತಿದ್ದಿತೆಂಬುದನ್ನು ಇಲ್ಲಿ ನೆನೆಯುವುದು ಯುಕ್ತ. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯು 1967ರಲ್ಲಿ ಉತ್ಪಾದನೆಯನ್ನಾರಂಭಿಸಿ, ‘ಇಂದು’ ಎಂಬ ಹೆಸರಿನಿಂದ ಕಪ್ಪುಬಿಳುಪು ಫಿಲ್ಮನ್ನೂ ಕಾಗದವನ್ನೂ ಎಕ್ಸ್‌ರೇ ಹಾಳೆಯನ್ನೂ ದೇಶಕ್ಕೆಲ್ಲ ಒದಗಿಸಿತು. ಧೂಳಿಲ್ಲದ ಗಾಳಿಯನ್ನೂ ತಂಪು ಹವೆಯನ್ನೂ ಬೇಡುವ ಆ ಉದ್ಯಮಕ್ಕೆ ಬೆಟ್ಟದ ನಾಡು ಹೇಳಿಮಾಡಿಸಿದ ತಾಣವಾಗಿದ್ದಿತು. ಆ ಕಾರ್ಖಾನೆಯು ಈಗ ಮುಚ್ಚಿಹೋಗಿರುವುದರಿಂದ, ಕೈಯಿಂದಲೇ ಸುರುಳಿ ಮಾಡಿಕೊಳ್ಳಬಯಸುವವರು ಪರದೇಶದ ದೊಡ್ಡ ಸುರುಳಿಗಳನ್ನೇ ಆಶ್ರಯಿಸಬೇಕಾಗಿದೆ.

ದೊಡ್ಡ ಸುರುಳಿಯೆಂದರೆ, ಹತ್ತು ಹದಿನೈದು ಮೀಟರಿನಿಂದ ಮೂವತ್ತು ಮೀಟರಿನವರೆಗೆ ಒಂದೇ ಡಬ್ಬಿಯಲ್ಲಿ ಸುತ್ತಿಟ್ಟ, ಹಿಂಬದಿಯ ಕಾಗದವೂ ಸಂಖ್ಯೆಯೂ ಇಲ್ಲದ ಬರಿಯ ಫಿಲ್ಮು. ಸ್ಟುಡಿಯೋದವರು ಮೂವತ್ತು ಮೀಟರಿನ 35 ಮಿಲಿಮೀಟರ್ ಫಿಲ್ಮನ್ನು ತಂದು ಮೂವತ್ತಾರು ಚಿತ್ರಗಳ ಕಾರ್ಟ್ರಿಜ್‌ಗಳಾಗಿ ತಾವೇ ಕತ್ತರಿಸಿ ತುಂಬಿಕೊಳ್ಳುತ್ತಿದ್ದ ಪದ್ಧತಿಯನ್ನು ಹಿರಿಯ ಛಾಯಾಗ್ರಾಹಕರೆಲ್ಲರೂ ಬಲ್ಲರು. ಅದರ ಇಮ್ಮಡಿ ಅಗಲದ 70 ಮಿಲಿಮೀಟರಿನ ಫಿಲ್ಮು ಸೇನೆಯ ಕೆಲಸಕ್ಕೂ ವಿಮಾನದಿಂದ ನೆಲವನ್ನು ಚಿತ್ರಿಸುವ ಕೆಲಸಕ್ಕೂ ಒದಗಿದ್ದಿತು; 1969ರಲ್ಲಿ ಚಂದ್ರನ ನೆಲದ ಮೇಲೆ ತೆಗೆದ ಛಾಯಾಚಿತ್ರಗಳೂ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದೊಳಗಿನ ಈ ಅಗಲದ ಫಿಲ್ಮಿನ ಮೇಲೆಯೇ ಮೂಡಿದವು. ಈಗ ನಾವು ಗಮನಿಸಬೇಕಾದ ಸಂಗತಿಯೆಂದರೆ, 1899ರ 116ರ ಸುರುಳಿಯ ಅಗಲವೂ ಸರಿಯಾಗಿ 70 ಮಿಲಿಮೀಟರೇ ಆಗಿರುವುದು. ಚಂದ್ರಲೋಕದ ಫಿಲ್ಮು ಅಜ್ಜನ ಕಾಲದ ಮಡಿಸುವ ಕೊಡಕ್ಕಿನ ಸ್ಪೂಲಿನಲ್ಲಿ ಯಾವ ಕತ್ತರಿಪ್ರಯೋಗವೂ ಇಲ್ಲದೆ ಕೂರುವುದೆಂಬ ಈ ಒಂದು ಸಾಮ್ಯದಿಂದಲೇ, ಸತ್ತವೆಂದು ಬಗೆದ ಸಹಸ್ರಾರು ಕ್ಯಾಮೆರಾಗಳಿಗೆ ಪುನರುಜ್ಜೀವನದ ದಾರಿ ತೆರೆದಿದೆ.

ದಾರಿಗಳಲ್ಲಿ ಅತಿ ಸುಲಭವಾದುದು 620ರದು. ಅದರ ಫಿಲ್ಮಿಗೂ 120ರ ಫಿಲ್ಮಿಗೂ ಭೇದವೇ ಇಲ್ಲ. ಭೇದವಿರುವುದು ಸ್ಪೂಲಿನ ಗಾತ್ರದಲ್ಲಿ. ಆದಕಾರಣ 120ರ ಸುರುಳಿಯನ್ನು ಕತ್ತಲೆಯಲ್ಲಿ ಬಿಚ್ಚಿ 620ರ ಹಳೆಯ ಸ್ಪೂಲಿಗೆ ಸುತ್ತಿಕೊಂಡರೆ ಕೆಲಸವು ಮುಗಿಯಿತು. 127ರ ಅಗಲ 46 ಮಿಲಿಮೀಟರ್. 120ರ ಸುರುಳಿಯನ್ನು ಕಾಗದಸಮೇತ ಅಷ್ಟಗಲಕ್ಕೆ ಸೀಳಿದರೆ, ಒಂದನೆಯ ಮಹಾಯುದ್ಧದಲ್ಲಿ ಸೈನಿಕನ ಕ್ಯಾಮೆರಾವೆಂದೇ ಪ್ರಸಿದ್ಧವಾದ ಕೊಡಕ್ಕಿನ ಜೇಬುಕ್ಯಾಮೆರಾಕ್ಕೆ ಆಹಾರ ಸಿಕ್ಕಿತು. ಸೇನೆಯೊಡನೆ ಕೊಡಗಿಗಿರುವ ನಂಟನ್ನು ನೆನೆದರೆ, ಅಂಥದೊಂದು ಇಲ್ಲಿನ ಯಾವುದಾದರೂ ಮನೆಯ ಟ್ರಂಕಿನಿಂದ ಹೊರಬಂದರೆ ಆಶ್ಚರ್ಯಪಡಬೇಕಾಗಿಲ್ಲ.

116ರ ಕೆಲಸವು ಇವೆರಡಕ್ಕಿಂತ ದೀರ್ಘವಾದುದು, ರಸವುಳ್ಳದ್ದೂ ಅದೇ. ಮೊದಲು ಬೇಕಾದದ್ದು ಒಂದೆಳೆ ಬೆಳಕೂ ನುಸುಳದ ಕೋಣೆ. ಒಂದೂಕಾಲು ಮೀಟರ್ ಉದ್ದದ ಹಲಗೆಯೊಂದರ ಎರಡು ಕೊನೆಗಳಲ್ಲಿ ಮೊಳೆ ಹೊಡೆದಿಟ್ಟುಕೊಂಡರೆ, ಕಣ್ಣು ಕಾಣದಾಗ ಬೆರಳೇ ಅಳತೆಯನ್ನು ಅರಿಯುವುದು. ಹದಿನೈದು ಮೀಟರಿನ ಡಬ್ಬಿಯೊಂದು ಈ ಲೆಕ್ಕದಲ್ಲಿ ಹನ್ನೆರಡು ಸುರುಳಿಗಳನ್ನು ಕೊಡುವುದು. ಫಿಲ್ಮನ್ನು ಅಂಚುಗಳಲ್ಲಿ ಮಾತ್ರ ಹಿಡಿಯಬೇಕು. ಅದು ಯಾವ ಕಡೆಗೆ ಬಾಗುವುದೋ ಆ ಒಳಮೈಯೇ ಬೆಳಕನ್ನು ಗ್ರಹಿಸುವ ಲೇಪದ ಮೈಯೆಂದು ತಿಳಿಯಬೇಕು. ಹಳೆಯ ಸುರುಳಿಯ ಕಾಗದವು ಉಳಿದಿದ್ದರೆ ಭಾಗ್ಯ. ಇಲ್ಲದಿದ್ದರೆ ದಪ್ಪ ಕಪ್ಪು ಕಾಗದವನ್ನು 70 ಮಿಲಿಮೀಟರ್ ಅಗಲಕ್ಕೆ ಕೊಯ್ದು, ಸುಮಾರು ಹನ್ನೊಂದೂವರೆ ಸೆಂಟಿಮೀಟರಿಗೊಂದರಂತೆ ಒಂದರಿಂದ ಎಂಟರವರೆಗೆ ಅಂಕಿಗಳನ್ನು ಬಿಳಿಯ ಪೆನ್ಸಿಲಿನಿಂದ ಬರೆದುಕೊಳ್ಳಬೇಕು. ಇಲ್ಲಿ ಹೊಸಬರು ಎಡವುವ ಒಂದು ಸೂಕ್ಷ್ಮವುಂಟು. ಫಿಲ್ಮನ್ನು ಕಾಗದಕ್ಕೆ ಅಂಟಿಸಬೇಕಾದುದು ಮೊದಲ ಚಿತ್ರದ ಕಡೆಯ ತುದಿಯೊಂದರಲ್ಲಿ ಮಾತ್ರ. ಸುತ್ತಿನಲ್ಲಿ ಹೊರಗಿರುವ ಪದರ ಒಳಗಿನದಕ್ಕಿಂತ ಹೆಚ್ಚು ಉದ್ದ ಬೇಡುವುದರಿಂದ, ಎರಡು ತುದಿಗಳನ್ನೂ ಅಂಟಿಸಿಬಿಟ್ಟರೆ ಫಿಲ್ಮು ನಡುವೆ ಉಬ್ಬಿ, ಕ್ಯಾಮೆರಾದೊಳಗೆ ಮುದುಡಿಕೊಂಡು ಎಲ್ಲವನ್ನೂ ಕೆಡಿಸುವುದು. ಅಂಟಿಸದ ತುದಿಯನ್ನು ಮೊದಲು ಸ್ಪೂಲಿಗೆ ಕೊಟ್ಟು ಬಿಗಿಯಾಗಿ ಸುತ್ತುತ್ತ ಬಂದು, ಕಟ್ಟಕಡೆಗೆ ಎದುರಾಗುವ ಆ ಒಂದು ಅಂಟುಪಟ್ಟಿಯನ್ನು ಫಿಲ್ಮು ತಾನಾಗಿ ನಿಂತ ಜಾಗದಲ್ಲಿ ಒತ್ತುವುದೇ ಈ ವಿದ್ಯೆಯ ಮರ್ಮ.

ಕಾಗದವೇ ಇಲ್ಲದೆಯೂ ಕೆಲಸ ಸಾಗಿಸಬಹುದು. ಆಗ ಕ್ಯಾಮೆರಾಕ್ಕೆ ಫಿಲ್ಮನ್ನು ತುಂಬುವುದೂ ತೆಗೆಯುವುದೂ ಕತ್ತಲೆಯಲ್ಲಿಯೇ ಆಗಬೇಕು, ಕ್ಯಾಮೆರಾದ ಹಿಂಬದಿಯ ಕಿಟಕಿಯಲ್ಲಿ ಅಂಕಿ ಕಾಣದ ಕಾರಣ ಕೀಲಿಯ ಸುತ್ತುಗಳನ್ನು ಎಣಿಸಬೇಕು. ಆದರೆ ಎಲ್ಲ ಚಿತ್ರಗಳಿಗೂ ಒಂದೇ ಎಣಿಕೆ ಸಲ್ಲದು. ಸ್ಪೂಲಿನ ಮೇಲೆ ಫಿಲ್ಮು ಕೂಡಿದಂತೆಲ್ಲ ಅದರ ಸುತ್ತಳತೆಯು ಹೆಚ್ಚುವುದರಿಂದ, ಮೊದಲ ಚಿತ್ರಕ್ಕೆ ಬೇಕಾದಷ್ಟು ಸುತ್ತು ಎಂಟನೆಯದಕ್ಕೆ ಬೇಕಾಗದು. ಆದ್ದರಿಂದ ಹಾಳಾದ ಫಿಲ್ಮಿನ ತುಂಡೊಂದನ್ನು ಹಿಂಬಾಗಿಲು ತೆರೆದಿಟ್ಟೇ ಹಗಲಿನಲ್ಲಿ ಸುತ್ತಿ, ಒಂದೊಂದು ಚೌಕಟ್ಟಿಗೂ ಪೆನ್ಸಿಲಿನಿಂದ ಗುರುತುಮಾಡಿ, ಸುತ್ತುಗಳ ಪಟ್ಟಿಯನ್ನು ಬರೆದು ಕ್ಯಾಮೆರಾದ ಚೀಲದಲ್ಲಿಟ್ಟುಕೊಳ್ಳುವುದು ಬಲ್ಲವರ ಕ್ರಮ. 70 ಮಿಲಿಮೀಟರ್ ಫಿಲ್ಮಿನ ಅಂಚಿನಲ್ಲಿ ರಂಧ್ರಗಳಿದ್ದರೆ ಅವು ಚಿತ್ರದ ಅಂಚಿನಲ್ಲಿಯೂ ಕಾಣಿಸಿಕೊಳ್ಳುವುವು. ವಿಮಾನದ ಫಿಲ್ಮುಗಳ ಪಾಲಿಯೆಸ್ಟರ್ ಪಟ್ಟಿಯಾದರೋ ತುದಿಗೆ ತಾಗಿದ ಬೆಳಕನ್ನು ಒಳಗಿನವರೆಗೂ ಹರಿಸಿಕೊಂಡುಹೋಗುವುದರಿಂದ, ಅಂಥದನ್ನು ಬಿಸಿಲಿನಲ್ಲಿ ತೆರೆಯುವ ಸಾಹಸವು ಸರ್ವಥಾ ಬೇಡ.

ಫಿಲ್ಮು ಸಿದ್ಧವಾದರೂ ಕ್ಯಾಮೆರಾ ಸಿದ್ಧವಿರಬೇಕಷ್ಟೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ ಲೆನ್ಸಿಗೆ ಹಗೆಯಾದುದು ಬೂಷ್ಟು. ಹಿಡಿದ ಹೊಸತರಲ್ಲಿ ಒರಸಿದರೆ ಅದು ಹೋಗುವುದು; ಉಪೇಕ್ಷಿಸಿದರೆ ಅದು ಸ್ರವಿಸುವ ಆಮ್ಲವು ಗಾಜಿನ ಮೈಯನ್ನೇ ಕೊರೆದು ಶಾಶ್ವತವಾದ ಕಲೆಯನ್ನುಳಿಸುವುದು. ಮಡಿಕೆ ಮಡಿಕೆಯಾಗಿ ಚಾಚಿಕೊಳ್ಳುವ ಚರ್ಮದ ಬೆಲ್ಲೋಸಿನ ಮೂಲೆಗಳು ಸವೆದಿರುವುದೂ ಸಾಮಾನ್ಯ. ಕತ್ತಲೆಕೋಣೆಯಲ್ಲಿ ಅದರೊಳಗೆ ಸಣ್ಣ ಟಾರ್ಚನ್ನಿಟ್ಟು ನೋಡಿದರೆ ಸೂಜಿಮೊನೆಯಷ್ಟು ತೂತುಗಳೂ ಮಿನುಗಿ ತೋರುವುವು. ಒಂದೊಂದನ್ನೂ ತೆಳುವಾದ ಕಪ್ಪು ಬಟ್ಟೆಯ ತೇಪೆಯಿಂದ ಮುಚ್ಚಬೇಕು. ಹಿಂಬದಿಯ ಕೆಂಪು ಕಿಟಕಿಗೂ ಕಪ್ಪು ಪಟ್ಟಿಯೊಂದು ಅವಶ್ಯ. ಹಿಂದಿನ ಫಿಲ್ಮುಗಳಿಗೆ ಕೆಂಪು ಬೆಳಕಿನ ಸೋಂಕು ತಟ್ಟುತ್ತಿರಲಿಲ್ಲವಾದುದರಿಂದ ಆ ಕಿಟಕಿಯು ನಿರಪಾಯವಾಗಿದ್ದಿತು. ಇಂದಿನ ಫಿಲ್ಮು ಎಲ್ಲ ಬಣ್ಣಗಳನ್ನೂ ಗ್ರಹಿಸುವಂಥದು, ಕೆಂಪಿಗೂ ಅದು ಮಸುಕಾಗುವುದು.

ಇನ್ನು ಚಿತ್ರವನ್ನು ತೊಳೆಯುವ ಕ್ರಿಯೆ. ಕೊಡಗಿಗೂ ಈ ವಿದ್ಯೆಗೂ ಇರುವ ಸಂಬಂಧವು ಅತಿ ನಿಕಟವಾಗುವುದು ಇಲ್ಲಿಯೇ. 1995ರಲ್ಲಿ ಅಮೆರಿಕದ ರೋಚೆಸ್ಟರ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯ ಅಧ್ಯಾಪಕರಾದ ಸ್ಕಾಟ್ ವಿಲಿಯಮ್ಸ್‌ರೂ ಅವರ ವಿದ್ಯಾರ್ಥಿಗಳೂ ಕಾಫಿಪುಡಿ ಮತ್ತು ವಾಷಿಂಗ್ ಸೋಡಗಳಿಂದ ಫಿಲ್ಮನ್ನು ಡೆವಲಪ್ ಮಾಡಬಹುದೆಂದು ತೋರಿಸಿಕೊಟ್ಟರು; ಮುಂದೆ ಅದಕ್ಕೆ ಸಿ ಜೀವಸತ್ವವೂ ಸೇರಿ ಕೆಫೆನಾಲ್ ಎಂಬ ಹೆಸರಿನಿಂದ ಆ ದ್ರಾವಣವು ಲೋಕಪ್ರಸಿದ್ಧವಾಯಿತು. ಒಂದು ಲೀಟರ್ ನೀರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡ 54 ಗ್ರಾಂ, ಸಿ ಜೀವಸತ್ವದ ಪುಡಿ 16 ಗ್ರಾಂ, ಇನ್‌ಸ್ಟೆಂಟ್ ಕಾಫಿ 40 ಗ್ರಾಂ. 20 ಡಿಗ್ರಿಯ ಉಷ್ಣದಲ್ಲಿ ಹದಿನೈದು ನಿಮಿಷ. ಇದು ಬಹಳ ಮಂದಿ ಅನುಸರಿಸುವ ಪಾಕ. ಇಲ್ಲಿ ಕೆಲಸಮಾಡುವುದು ಕೆಫೀನಲ್ಲ, ಕೆಫೆಯಿಕ್ ಆಮ್ಲ ಮತ್ತು ಅದರ ಬಳಗದ ಸಂಯುಕ್ತಗಳು. ಅವು ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಹೆಚ್ಚಾಗಿರುವುದರಿಂದ, ರುಚಿಗೆ ಎರಡನೆಯದಾದ ಕಾಫಿಯು ಕತ್ತಲೆಕೋಣೆಯಲ್ಲಿ ಮೊದಲನೆಯದಾಗುವುದು. ಭಾರತದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಬೆಳೆಯುವ, ಅದರಲ್ಲಿಯೂ ರೊಬಸ್ಟಾವನ್ನೇ ಹೆಚ್ಚಾಗಿ ಬೆಳೆಯುವ ಕೊಡಗಿಗೆ ಇದಕ್ಕಿಂತ ಒಪ್ಪುವ ಡೆವಲಪರ್ ಬೇರೊಂದುಂಟೆ? ಬಯಲುಸೀಮೆಯ ಛಾಯಾಗ್ರಾಹಕನು ಹಿಮಗಡ್ಡೆ ಹಾಕಿ ಇಳಿಸಿಕೊಳ್ಳಬೇಕಾದ 20 ಡಿಗ್ರಿಯ ತಂಪು, ಮಡಿಕೇರಿಯ ಚಳಿಗಾಲದ ನೀರಿಗೆ ಸ್ವಭಾವವೇ ಆಗಿರುವುದು.

70 ಮಿಲಿಮೀಟರಿನ ಸುರುಳಿಗೆ ಸರಿಹೊಂದುವ ಟ್ಯಾಂಕು ಸುಲಭವಾಗಿ ದೊರೆಯದಿದ್ದರೆ, ಹಳೆಯ ಸ್ಟುಡಿಯೋಗಳ ಪದ್ಧತಿಯನ್ನು ಅನುಸರಿಸಬೇಕು. ಫಿಲ್ಮಿನ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು, ತಟ್ಟೆಯಲ್ಲಿನ ದ್ರಾವಣದೊಳಗೆ ನಡುಭಾಗ ಮುಳುಗುವಂತೆ ಮಾಡಿ, ಒಂದು ಕೈ ಏರುತ್ತಲೇ ಇನ್ನೊಂದು ಇಳಿಯುವಂತೆ ಎಡೆಬಿಡದೆ ಆಡಿಸುವುದೇ ಆ ಪದ್ಧತಿ. ಕತ್ತಲೆಯಲ್ಲಿ ಹದಿನೈದು ನಿಮಿಷ ಹೀಗೆ ನಿಲ್ಲುವುದು ಭುಜಗಳಿಗೆ ಶ್ರಮ. ಆದರೆ ಅದನ್ನು ಮಾಡಿದವನಿಗೆ ತಾನು ತೆಗೆದ ಚಿತ್ರದ ಮೇಲೆ ಹುಟ್ಟುವ ಮಮತೆಯು ಬೇರೆ ಯಾವ ವಿಧದಿಂದಲೂ ಹುಟ್ಟಲಾರದು. ಅನಂತರ ಹೈಪೋವಿನಲ್ಲಿ ಸ್ಥಿರಗೊಳಿಸಿ, ಹರಿಯುವ ನೀರಿನಲ್ಲಿ ತೊಳೆದು ಒಣಹಾಕಬೇಕು. ಬಳಸಿದ ಹೈಪೋವಿನಲ್ಲಿ ಬೆಳ್ಳಿಯ ಅಂಶ ಕರಗಿರುವುದರಿಂದ ಅದನ್ನು ತೊರೆಗಾಗಲಿ ಚರಂಡಿಗಾಗಲಿ ಚೆಲ್ಲಕೂಡದು. ಕಾವೇರಿಯು ಹುಟ್ಟುವ ನೆಲದಲ್ಲಿ ಈ ಎಚ್ಚರವು ಇಮ್ಮಡಿಯಾಗಿರಬೇಕು.

ಕೈಯಲ್ಲಿನ ಫೋನು ಕ್ಷಣಾರ್ಧದಲ್ಲಿ ಚಿತ್ರ ಕೊಡುತ್ತಿರುವಾಗ ಇಷ್ಟು ಪರಿಶ್ರಮವೇಕೆಂದು ಕೇಳುವವರಿಗೆ ಉತ್ತರವು ಆ ನೆಗೆಟಿವ್‌ನಲ್ಲಿಯೇ ಇದೆ. 116ರ ಒಂದು ಚೌಕಟ್ಟು ಸುಮಾರು ಆರೂವರೆ ಸೆಂಟಿಮೀಟರ್ ಅಗಲ, ಹನ್ನೊಂದು ಸೆಂಟಿಮೀಟರ್ ಉದ್ದ. ಹಿಗ್ಗಿಸುವ ಯಂತ್ರದ ಹಂಗಿಲ್ಲದೆ, ಕಾಗದದ ಮೇಲೆ ಇಟ್ಟು ಬೆಳಕು ತೋರಿಸಿದರೆ ಆಲ್ಬಮ್ಮಿಗೆ ಒಪ್ಪುವ ಅಚ್ಚು ದೊರೆವುದು. ಎಂಟೇ ಚಿತ್ರಗಳಿರುವುದರಿಂದ ತೆಗೆಯುವವನು ಯೋಚಿಸುವನು, ನಿಲ್ಲುವವರು ಸಾವಧಾನದಿಂದ ನಿಲ್ಲುವರು. ಹಳೆಯ ಭಾವಚಿತ್ರಗಳ ಮುಖಗಳಲ್ಲಿ ನಾವು ಕಾಣುವ ಗಾಂಭೀರ್ಯಕ್ಕೆ ಈ ಸಾವಧಾನವೂ ಒಂದು ಕಾರಣವೆಂದು ನನ್ನ ನಂಬಿಕೆ.

ಆದಕಾರಣ ಅಂಥ ಕ್ಯಾಮೆರಾವುಳ್ಳವರು ಅದನ್ನು ಗುಜರಿಯವನಿಗೋ ಅಲಂಕಾರಸಾಮಗ್ರಿಯ ವ್ಯಾಪಾರಿಗೋ ಕೊಡುವ ಮೊದಲು, ಹಿಂಬಾಗಿಲಿನೊಳಗೆ ಅಚ್ಚಾಗಿರುವ ಸಂಖ್ಯೆಯನ್ನೊಮ್ಮೆ ಓದಿ, ಶಟರನ್ನೊಮ್ಮೆ ಒತ್ತಿ ನೋಡಲಿ. ಖಾಲಿ ಸ್ಪೂಲು ಒಳಗೆ ಉಳಿದಿದ್ದರೆ ಅದನ್ನು ಚಿನ್ನದಂತೆ ಕಾಪಾಡಲಿ, ಏಕೆಂದರೆ ಅದಿಲ್ಲದೆ ಈ ಕೆಲಸವೇ ನಡೆಯದು. ಮಳೆ ಹಿಂದೆಗೆದು ಗಾಳಿ ಒಣಗುವ ಪುತ್ತರಿ ಹಬ್ಬದ ದಿನಗಳೇ ಇದನ್ನು ಕೈಗೆತ್ತಿಕೊಳ್ಳಲು ಅನುಕೂಲಕಾಲ. ಎಲ್ಲಕ್ಕಿಂತ ಮುಖ್ಯವಾಗಿ, ಫಿಲ್ಮನ್ನು ಕತ್ತಲೆಯಲ್ಲಿ ಬೆರಳಿನಿಂದಲೇ ಅಳೆದು, ತಟ್ಟೆಯಲ್ಲಿ ಆಡಿಸಿ, ಹದವರಿತು ಎತ್ತುತ್ತಿದ್ದ ಸ್ಟುಡಿಯೋದ ಹಿರಿಯರು ನಮ್ಮ ಪೇಟೆಗಳಲ್ಲಿ ಇನ್ನೂ ಇರುವಾಗಲೇ ಅವರ ಬಳಿ ನಿಂತು ತರುಣರು ಈ ವಿದ್ಯೆಯನ್ನು ಕಲಿಯಲಿ. ಫಿಲ್ಮನ್ನು ಯಾವ ದೇಶದಿಂದಲಾದರೂ ತರಿಸಿಕೊಳ್ಳಬಹುದು. ಆ ಕೈಗಳ ಅಭ್ಯಾಸವನ್ನು ಅವರಿಂದಲ್ಲದೆ ಬೇರೆಲ್ಲಿಂದಲೂ ತರಲಾಗದು.