ಮೈಯ ಕೊಬ್ಬು ಮತ್ತು ಕ್ಯಾನ್ಸರ್: ಹೆಣ್ಣಿಗೊಂದು ದಾರಿ, ಗಂಡಿಗೊಂದು ದಾರಿ

ನಡುವಯಸ್ಸಿನಲ್ಲಿ ಹೊಟ್ಟೆ ಮುಂದೆ ಬಂದರೆ ಅದನ್ನು ಅನುಕೂಲಸ್ಥರ ಲಕ್ಷಣವೆಂದು ಬಗೆಯುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಅದರಿಂದ ಸಕ್ಕರೆ ಕಾಯಿಲೆ, ಹೃದ್ರೋಗಗಳು ಬರಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ನಾವು ಕೇಳಿ ಮರೆಯುತ್ತೇವೆ. ಕೊಬ್ಬಿಗೂ ಕ್ಯಾನ್ಸರಿಗೂ ನಂಟಿದೆಯೆಂಬುದಂತೂ ಅನೇಕರು ಕೇಳಿಯೇ ಇಲ್ಲದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ಅತಿಯಾದ ಕೊಬ್ಬಿನೊಡನೆ ಸಂಬಂಧವಿರುವ 13 ಬಗೆಯ ಕ್ಯಾನ್ಸರ್‌ಗಳನ್ನು 2016ರಲ್ಲಿ ಗುರುತಿಸಿದರು. ದೊಡ್ಡ ಕರುಳು, ಯಕೃತ್ತು, ಮೂತ್ರಪಿಂಡ, ಗರ್ಭಕೋಶ, ಋತುಬಂಧದ ಬಳಿಕದ ಸ್ತನ ಕ್ಯಾನ್ಸರ್‌ಗಳು ಅವುಗಳಲ್ಲಿ ಸೇರಿವೆ. ದಪ್ಪಗಿರುವವರಿಗೆಲ್ಲ ಈ ರೋಗ ಬರುತ್ತದೆಂದು ಇದರ ಅರ್ಥವಲ್ಲ. ಬರುವ ಸಂಭವ ಹೆಚ್ಚುತ್ತದೆ, ಅಷ್ಟೆ.

ಕೊಬ್ಬು ಕಣಜದಲ್ಲಿ ಸುಮ್ಮನೆ ಬಿದ್ದಿರುವ ಕಾಳಿನಂತಲ್ಲ. ಅದು ಹಾರ್ಮೋನುಗಳನ್ನು ಉಂಟುಮಾಡುವ ಜೀವಂತ ಅಂಗಾಂಶ. ಋತುಬಂಧವಾದ ಮೇಲೆ ಹೆಣ್ಣಿನ ಅಂಡಾಶಯಗಳಲ್ಲಿ ಈಸ್ಟ್ರೋಜನ್ ತಯಾರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಆಗ ಕೊಬ್ಬಿನಲ್ಲಿರುವ ಅರೊಮಟೇಸ್ ಎಂಬ ಕಿಣ್ವವು ರಕ್ತದಲ್ಲಿರುವ ಆಂಡ್ರೊಜನ್ ಹಾರ್ಮೋನುಗಳನ್ನೇ ಈಸ್ಟ್ರೋಜನ್ನಾಗಿ ಮಾರ್ಪಡಿಸುತ್ತದೆ. ಕೊಬ್ಬು ಹೆಚ್ಚಿದಷ್ಟೂ ಈ ತಯಾರಿಕೆಯೂ ಹೆಚ್ಚು. ಅದನ್ನು ಹದದಲ್ಲಿಡಬೇಕಾದ ಪ್ರೊಜೆಸ್ಟರೋನ್ ಆ ವಯಸ್ಸಿನಲ್ಲಿ ಇಲ್ಲದ ಕಾರಣ ಗರ್ಭಕೋಶದ ಒಳಪೊರೆ ದಪ್ಪವಾಗುತ್ತ ಹೋಗಿ ಕೆಲವರಲ್ಲಿ ಕ್ಯಾನ್ಸರಿಗೆ ಎಡೆಯಾಗುತ್ತದೆ. ಸ್ಥೂಲತೆಯೊಡನೆ ಅತಿ ನಿಕಟ ಸಂಬಂಧವುಳ್ಳ ಕ್ಯಾನ್ಸರ್‌ಗಳಲ್ಲಿ ಇದೂ ಒಂದು.

ಗಂಡಸರ ಕಥೆ ಬೇರೆ. ಅವರಲ್ಲಿ ಕೊಬ್ಬು ಹೊಟ್ಟೆಯೊಳಗೆ, ಕರುಳು ಯಕೃತ್ತುಗಳ ಸುತ್ತ ಶೇಖರವಾಗುವುದು ಹೆಚ್ಚು. ಇದರಿಂದ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಒಳಗೊಳಗೇ ಸಣ್ಣ ಉರಿಯೂತ ನೆಲೆಗೊಳ್ಳುತ್ತದೆ. ಎರಡೂ ಜೀವಕೋಶಗಳ ಮಿತಿಮೀರಿದ ಬೆಳವಣಿಗೆಗೆ ಒತ್ತಾಸೆಯಾಗುತ್ತವೆ. ಸ್ಥೂಲತೆಗೂ ದೊಡ್ಡ ಕರುಳಿನ ಕ್ಯಾನ್ಸರಿಗೂ ಇರುವ ನಂಟು ಹೆಂಗಸರಿಗಿಂತ ಗಂಡಸರಲ್ಲೇ ಬಲವಾಗಿ ಕಂಡುಬಂದಿದೆ.

ತೂಕ ಇಳಿಸಿದರೆ ಪ್ರಯೋಜನವುಂಟೆ? ಸ್ವೀಡನ್ನಿನಲ್ಲಿ ಸ್ಥೂಲಕಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಅನೇಕ ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಹೆಂಗಸರಲ್ಲಿ ಕ್ಯಾನ್ಸರ್ ಕಡಿಮೆಯಾಗಿತ್ತು. ಗಂಡಸರಲ್ಲಿ ಅಂಥ ಇಳಿತ ಕಾಣಲಿಲ್ಲ. ಅಲ್ಲಿ ಗಂಡಸರ ಸಂಖ್ಯೆಯೇ ಕಡಿಮೆಯಿದ್ದುದರಿಂದ, ಇದನ್ನೇ ನೆಪವಾಗಿಸಿಕೊಂಡು ಅವರು ಹಾಯಾಗಿರುವಂತಿಲ್ಲ.

ತಕ್ಕಡಿಯೊಂದನ್ನೇ ನಂಬಬೇಡಿ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬೆಳೆದವರು ನಮ್ಮಲ್ಲಿ ಬಹಳ. ದರ್ಜಿಯ ಅಳತೆಪಟ್ಟಿಯನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು ನೋಡಿಕೊಳ್ಳಿ. ಭಾರತೀಯರಿಗೆ ಹೇಳಿರುವ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ತಾಯಂದಿರಲ್ಲಿ ಇನ್ನೊಂದು ಮಾತು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ‘ಉಷ್ಣವಾಗಿರಬೇಕು’ ಎಂದು ಸುಮ್ಮನಾಗುವವರೂ, ಸೊಸೆಯ ಮುಂದೆ ಹೇಳಲು ನಾಚುವವರೂ ಇದ್ದಾರೆ. ಹೆಚ್ಚಿನ ಸಲ ಕಾರಣ ಸಣ್ಣದೇ ಆಗಿರುತ್ತದೆ. ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ತೋರಿಕೊಳ್ಳುವುದೂ ಸಾಮಾನ್ಯವಾಗಿ ಹೀಗೆಯೇ, ಮತ್ತು ಆ ಹಂತದಲ್ಲಿ ಪತ್ತೆಯಾದದ್ದು ಬಹುಪಾಲು ಗುಣವಾಗುತ್ತದೆ. ನೋವಿಲ್ಲವೆಂದು ಕಾಯದೆ ಆ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಬೇಕು.