ಓಡೋದಲ್ಲ, ಯೋಚಿಸೋದು: ಕ್ಯಾಪ್ಟನ್ ತ್ಸುಬಾಸ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಊರಿನವರೇ ಆಗಿರಿ, ಟೀವಿಗೆ ವೈರು ಸಿಕ್ಕಿಸಿ, ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡಿದ್ದು ನೆನಪಿದೆಯಾ? ಆ ವಿಡಿಯೋ ಗೇಮ್‌ಗಳಲ್ಲಿ ಬಹಳಷ್ಟು, ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್ ಅನ್ನೋ ಗೇಮ್ ಯಂತ್ರದ ನಕಲು. ಅಸಲಿ ಫ್ಯಾಮಿಕಾಮ್‌ಗೆ 1988ರಲ್ಲಿ ಬಂದ ಒಂದು ಫುಟ್‌ಬಾಲ್ ಆಟದ ಬಗ್ಗೆ ಇವತ್ತು ಹೇಳಲೇಬೇಕು. ಹೆಸರು ಕ್ಯಾಪ್ಟನ್ ತ್ಸುಬಾಸ.

ಮೂಲ ಒಂದು ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ. ಯೋಯಿಚಿ ತಾಕಾಹಾಶಿ 1981ರಲ್ಲಿ ಶುರು ಮಾಡಿದ್ದು. ಆಟ ಮಾಡಿದ್ದು ಟೆಕ್ಮೊ ಕಂಪನಿ.

ಇಲ್ಲಿ ಬಟನ್ ಎಷ್ಟು ಬೇಗ ಒತ್ತುತ್ತೀರಿ ಅನ್ನೋದು ಮುಖ್ಯ ಅಲ್ಲ. ಚೆಂಡು ತಗೊಂಡು ಓಡ್ತೀರಿ. ಎದುರಾಳಿ ಅಡ್ಡ ಬರ್ತಾನೆ. ಆಟ ಗಕ್ಕನೆ ನಿಲ್ಲುತ್ತೆ! ಡ್ರಿಬಲ್ಲಾ, ಪಾಸಾ, ಶಾಟಾ? ನೀವೇ ಆರಿಸಬೇಕು. ಆಮೇಲೆ ಏನಾಯ್ತು ಅನ್ನೋದು ಮಾಂಗಾದ ಪುಟ ತಿರುವಿದ ಹಾಗೆ, ದೊಡ್ಡ ದೊಡ್ಡ ಚಿತ್ರಗಳಲ್ಲಿ ಕಾಣುತ್ತೆ.

ನಿಜವಾದ ಸೊಗಸು ಇನ್ನೊಂದಿದೆ. ಪ್ರತಿ ಆಟಗಾರನಿಗೂ 'ಗಟ್ಸ್' ಅಂತ ಕಸುವಿನ ಲೆಕ್ಕ. ಓಡಿದರೂ ಖರ್ಚು, ಒದ್ದರೂ ಖರ್ಚು. ಕಥಾನಾಯಕ ತ್ಸುಬಾಸನ 'ಡ್ರೈವ್ ಶಾಟ್' ಅನ್ನೋ ಒದೆತ ಅಂತೂ ಸಿಕ್ಕಾಪಟ್ಟೆ ಕಸುವು ತಿನ್ನುತ್ತೆ. ಮೊದಲರ್ಧದಲ್ಲೇ ಎಲ್ಲ ಸುರಿದುಬಿಟ್ಟರೆ ಕೊನೇ ನಿಮಿಷಕ್ಕೆ ಅವನಲ್ಲಿ ಏನೂ ಉಳಿಯಲ್ಲ. ಯಾರಿಗೆ ಪಾಸ್ ಕೊಡಬೇಕು, ಯಾರನ್ನು ಉಳಿಸಿಕೊಳ್ಳಬೇಕು ಅನ್ನೋದೇ ಇಲ್ಲಿನ ಲೆಕ್ಕಾಚಾರ.

ಈ ಆಟ 1992ರಲ್ಲಿ ಅಮೆರಿಕಕ್ಕೆ ಹೋದಾಗ ಮಾಂಗಾದ ನಂಟನ್ನೇ ಕಿತ್ತುಹಾಕಿದರು. ತ್ಸುಬಾಸ ಹೋಗಿ ರಾಬಿನ್ ಫೀಲ್ಡ್ ಆದ. ನನಗಂತೂ ಅದು ಅನ್ಯಾಯ ಅನ್ಸುತ್ತೆ, ಈ ಆಟದ ಜೀವ ಇರೋದೇ ಆ ಪಾತ್ರಗಳಲ್ಲಿ. 1990ರಲ್ಲಿ ಬಂದ ಎರಡನೇ ಭಾಗ ಇನ್ನೂ ಚೆನ್ನಾಗಿದೆ. ಆಡೋದಾದ್ರೆ ಅದರಿಂದಲೇ ಶುರು ಮಾಡಿ.