ಕಟಕಟೆಯಲ್ಲಿ ಹುಟ್ಟಿದ ಹಣ್ಣು

1830ರ ಜುಲೈ ಕ್ರಾಂತಿಯ ಹೊತ್ತಿಗೆ ಫ್ರಾನ್ಸಿನ ರಾಜಕೀಯ ಬಣಗಳಿಗೆ ತಮ್ಮ ತಮ್ಮ ಗುರುತುಗಳಿದ್ದವು. ಪದಚ್ಯುತ ಬೂರ್ಬನ್ ಮನೆತನದ ನಿಷ್ಠರಿಗೆ ಲಿಲಿ ಹೂವು, ನೆಪೋಲಿಯನ್ ಅಭಿಮಾನಿಗಳಿಗೆ ಹದ್ದು, ಗಣರಾಜ್ಯವಾದಿಗಳಿಗೆ ಕೆಂಪು ಟೋಪಿ. ಹೊಸ ದೊರೆ ಲೂಯಿ ಫಿಲಿಪ್ ಹಿಡಿದ ‘ನಡುದಾರಿ’ಗೆ ಮಾತ್ರ ತನ್ನದೇ ಆದ ಗುರುತಿರಲಿಲ್ಲ, ಅವನ ತ್ರಿವರ್ಣ ಧ್ವಜವೂ ಹಳೆಯ ಕ್ರಾಂತಿಯದೇ. ಆ ಕೊರತೆ ನೀಗಿದ್ದು ಅವನ ಸರ್ಕಾರವೇ ಹೂಡಿದ ಮೊಕದ್ದಮೆಯಿಂದ.

‘ಲಾ ಕಾರಿಕಾತ್ಯೂರ್’ ವಾರಪತ್ರಿಕೆಯ ಶಾರ್ಲ್ ಫಿಲಿಪೋನ್ 1831ರಲ್ಲಿ ಒಂದು ಚಿತ್ರ ಪ್ರಕಟಿಸಿದ. ಅದರಲ್ಲಿ ಗಾರೆ ಕೆಲಸದವನೊಬ್ಬ ಜುಲೈ ಕ್ರಾಂತಿಯ ಗೋಡೆಬರಹಗಳ ಮೇಲೆ ಗಾರೆ ಮೆತ್ತುತ್ತಿದ್ದಾನೆ. ಕಿರೀಟವಿಲ್ಲ, ಹೆಸರಿಲ್ಲ, ಮುಖವಷ್ಟೇ ದೊರೆಯದು. ಈ ಚಿತ್ರಕ್ಕಾಗಿ ಸರ್ಕಾರ ಮೊಕದ್ದಮೆ ಹೂಡಿದಾಗ, ನವೆಂಬರ್ 14ರಂದು ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ಫಿಲಿಪೋನ್ ಹಿಡಿದದ್ದು ಈ ಎಳೆಯನ್ನೇ: ಹೋಲಿಕೆಯೇ ಅಪರಾಧವಾದರೆ ಅದಕ್ಕೆ ಕೊನೆಯೆಲ್ಲಿ? ಅಲ್ಲೇ ನಾಲ್ಕು ಚಿತ್ರ ಗೀಚಿದ. ಮೊದಲನೆಯದು ದೊರೆಯ ಮುಖ. ಎರಡನೆಯದು ಮೊದಲನೆಯದನ್ನು ಹೋಲುತ್ತದೆ, ಮೂರನೆಯದು ಎರಡನೆಯದನ್ನು. ಜೋಲುಗೆನ್ನೆ ಹಿಗ್ಗುತ್ತ, ನೆತ್ತಿ ಕಿರಿದಾಗುತ್ತ ನಾಲ್ಕನೆಯದಕ್ಕೆ ಬಂದಾಗ ಉಳಿದದ್ದು ಒಂದು ಪಿಯರ್ ಹಣ್ಣು. ಮೊದಲನೆಯದಕ್ಕೆ ಶಿಕ್ಷೆ ಕೊಟ್ಟರೆ ಹಣ್ಣಿಗೂ ಕೊಡಬೇಕಾಗುತ್ತದೆ ಎಂದು ವಾದಿಸಿದ.

ವಾದ ಸೋತಿತು. ಆರು ತಿಂಗಳ ಸೆರೆ, 2,000 ಫ್ರಾಂಕ್ ದಂಡ. ಆದರೆ ಅದೇ ತಿಂಗಳು ಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾದವು, ಬೇಗನೆ ಪ್ಯಾರಿಸ್ಸಿನ ಗೋಡೆಗಳ ತುಂಬ ಪಿಯರ್ ಹಣ್ಣು ಕಾಣಿಸಿತು. ಇದ್ದಿಲು ಹಿಡಿಯಬಲ್ಲ ಮಗುವೂ ಬರೆಯಬಹುದಾದ ರೂಪ ಅದು. ಲಿಲಿ, ಹದ್ದುಗಳನ್ನು ಆಯಾ ಬಣದವರು ಹೆಮ್ಮೆಯಿಂದ ಧರಿಸಿದ್ದರು. ಇದು ಎದುರಾಳಿಗಳು ತೊಡಿಸಿದ ಲಾಂಛನ. ಅದರ ಬಲವೆಲ್ಲ ಅಲ್ಲಿಯೇ ಇದೆ ಎಂದು ನನಗನಿಸುತ್ತದೆ. ವ್ಯಂಗ್ಯಚಿತ್ರಕಾರ ದೋಮಿಯೇ ದೊರೆಯನ್ನು ಜನರ ದುಡ್ಡು ನುಂಗುವ ದೈತ್ಯನಾಗಿ ಚಿತ್ರಿಸಿದಾಗ ಅವನ ತಲೆಯೂ ಪಿಯರ್ ಆಕಾರದ್ದೇ. ಆ ಚಿತ್ರಕ್ಕಾಗಿ ದೋಮಿಯೇ ಕೂಡ ಜೈಲು ಸೇರಿದ.

1834ರಲ್ಲಿ ಫಿಲಿಪೋನನದೇ ಇನ್ನೊಂದು ಪತ್ರಿಕೆ ‘ಶಾರಿವಾರಿ’ ತನ್ನ ವಿರುದ್ಧದ ತೀರ್ಪನ್ನೇ ಪಿಯರ್ ಆಕಾರದಲ್ಲಿ ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿತು.

1835ರ ಜುಲೈಯಲ್ಲಿ ದೊರೆಯ ಮೇಲೆ ಕೊಲೆಯತ್ನ ನಡೆಯಿತು. ಅದರ ಬೆನ್ನಿಗೇ ಸೆಪ್ಟೆಂಬರಿನಲ್ಲಿ ಬಂದ ಕಾನೂನು ಹೋಲಿಕೆ ಎಲ್ಲಿ ಮುಗಿಯುತ್ತದೆಂದು ಅಳೆಯುವ ಗೋಜಿಗೇ ಹೋಗಲಿಲ್ಲ: ಯಾವ ಚಿತ್ರವಾದರೂ ಪ್ರಕಟಣೆಗೆ ಮೊದಲು ಸರ್ಕಾರದ ಅನುಮತಿ ಪಡೆಯಬೇಕು ಎಂದಿತು. ಆ ವೇಳೆಗೆ ‘ಲಾ ಕಾರಿಕಾತ್ಯೂರ್’ ನಿಂತುಹೋಗಿತ್ತು.